ಅಪ್‌ಡೇಟ್: ಬಿ.ಕಾಂ ಆದ ಮೇಲೆ ಸಿಎ ಮಾಡಲೋ, ಸಿಎಂಎ ಮಾಡಲೋ ಅಂತ ಕೇಳಿದ್ದೆ

ನೆನಪಿದೆಯಾ? ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿಯ (ಕಬ್ಬಿಣದ ಎರಕ ಹೊಯ್ಯುವ ಕಾರ್ಖಾನೆ) ಅಕೌಂಟ್ಸ್ ವಿಭಾಗದಲ್ಲಿದ್ದೇನೆ, ಮುಂದೇನು ಓದಲಿ ಅಂತ ಕೇಳಿದ್ದೆ. ಸಿಎಂಎ (ಕಾಸ್ಟ್ ಅಂಡ್ ಮ್ಯಾನೇಜ್‌ಮೆಂಟ್ ಅಕೌಂಟೆಂಟ್, ವೆಚ್ಚದ ಲೆಕ್ಕದ ಕೋರ್ಸ್) ಎರಡನೇ ಹಂತ ಇಂಟರ್‌ಮೀಡಿಯೇಟ್‌ಗೆ ಸೇರಿದ್ದೇನೆ. ಪದವಿ ಇದ್ದವರಿಗೆ ಮೊದಲ ಹಂತದ ಫೌಂಡೇಶನ್ ಪರೀಕ್ಷೆ ಬೇಕಿಲ್ಲ, ನೇರ ಪ್ರವೇಶ.

ಸಿಎಗೂ ನೇರ ದಾರಿ ಇದೆ. ಕಾಮರ್ಸ್ ಪದವಿಯಲ್ಲಿ ಶೇ. 55 ಇದ್ದರೆ ಸಾಕು, ನನಗೆ ಅಷ್ಟು ಬಂದಿದೆ. ಆದರೆ 2 ವರ್ಷದ ಆರ್ಟಿಕಲ್‌ಶಿಪ್‌ಗೆ (ಸಿಎ ಒಬ್ಬರ ಕೈಕೆಳಗಿನ ತರಬೇತಿ) ಈ ಸಂಬಳ ಬಿಡಬೇಕು. ಮನೆ ಪರಿಸ್ಥಿತಿಯಲ್ಲಿ ಅದು ಆಗದ ಮಾತು.

"ಫೌಂಡ್ರಿಯಲ್ಲೇ ಇದ್ದೀರಿ, ಕಾಸ್ಟಿಂಗ್ (ತಯಾರಿಕೆಯ ವೆಚ್ಚದ ಲೆಕ್ಕ) ಕಲಿಯಿರಿ" ಅಂತ ಒಬ್ಬರು ಉತ್ತರ ಬರೆದಿದ್ದರಲ್ಲ, ಅದೇ ಮನಸ್ಸಿಗೆ ನಾಟಿತು. ರಿಜೆಕ್ಟ್ ಆದ ಎರಕವನ್ನು ಮತ್ತೆ ಕರಗಿಸುತ್ತಾರೆ. ಕಬ್ಬಿಣ ವಾಪಸ್ ಸಿಗುತ್ತದೆ, ಕರೆಂಟು, ಕೂಲಿ ಸಿಗುತ್ತಾ? ಆ ನಷ್ಟ ಯಾವ ಲೆಕ್ಕಕ್ಕೆ? ಕಾಸ್ಟ್ ಅಕೌಂಟಿಂಗ್ ಪೇಪರ್ ಓದುವಾಗ ನಮ್ಮ ಫರ್ನೇಸೇ ಕಣ್ಣ ಮುಂದೆ ಬರುತ್ತದೆ. ಕಾನೂನಿನ ಪೇಪರ್ ಮಾತ್ರ ನಿದ್ದೆಗೆ ಔಷಧಿ!

ಡಿಸೆಂಬರ್ ಪರೀಕ್ಷೆಗೆ ಜುಲೈ 31ರೊಳಗೆ ನೋಂದಣಿ ಆಗಬೇಕು. ಸದ್ಯ ಮೊದಲ ಗ್ರೂಪಿನ 4 ಪೇಪರ್ ಮಾತ್ರ ಬರೆಯುತ್ತೇನೆ. ಪ್ರತಿ ಪೇಪರಿಗೆ 40 ಬಂದರೆ ಸಾಲದು, ಗ್ರೂಪಿನ ಒಟ್ಟು ಶೇ. 50 ದಾಟಬೇಕು. ಟ್ಯಾಕ್ಸ್ ಪೇಪರಿಗೆ ಒಳ್ಳೆ ನೋಟ್ಸ್ ಇದ್ದವರು ಹೇಳ್ರಿ.