ಮೊದಲು ನಡುಗುವುದು ಯಾವುದು? ವಾದ್ಯಗಳ ಬಗ್ಗೆ ಪ್ರಶ್ನೋತ್ತರ

ಅಡ್ಮಿನ್: ಮಕ್ಕಳಿಗೆ ವಾದ್ಯಗಳನ್ನು ಪರಿಚಯ ಮಾಡಿಸುವ ಬಗ್ಗೆ ಈ ವಾರ ಪ್ರಶ್ನೆ ಕೇಳಬಹುದು. ಉತ್ತರ ಕೊಡುವವರು ನಮ್ಮ ಗುಂಪಿನ ಮ್ಯೂಸಿಕ್ ಮೇಡಂ. ವಾದ್ಯ ರಿಪೇರಿ ಮಾಡುತ್ತಾರೆ, ಶಾಲೆಗಳಲ್ಲಿ ಪಾಠವನ್ನೂ ಮಾಡುತ್ತಾರೆ. ಕೇಳುವ ಮುಂಚೆ ಮೇಲಿನ ಉತ್ತರಗಳನ್ನು ಒಮ್ಮೆ ಓದಿಬಿಡಿ.

ಮೂರನೇ ಕ್ಲಾಸ್ ಟೀಚರ್: ನಮಸ್ತೆ ಮೇಡಂ. ನಮ್ಮ ಪುಸ್ತಕದಲ್ಲಿ ತಂತಿ, ಗಾಳಿ, ಚರ್ಮ, ಲೋಹ ಅಂತ ನಾಲ್ಕು ಗುಂಪು ಕೊಟ್ಟಿದ್ದಾರೆ. ಪಾಠ ಎಲ್ಲಿಂದ ಶುರು ಮಾಡಲಿ?

ಮ್ಯೂಸಿಕ್ ಮೇಡಂ: ನಮಸ್ತೆ. ಹೆಸರಿನಿಂದ ಶುರು ಮಾಡಬೇಡಿ. ವಾದ್ಯವನ್ನು ಮುಂದಿಟ್ಟು ಒಂದೇ ಪ್ರಶ್ನೆ ಕೇಳಿ: ಇದರಲ್ಲಿ ಮೊದಲು ನಡುಗುವುದು ಯಾವುದು? ತಂತಿ ನಡುಗಿದರೆ ತತ, ಒಳಗಿನ ಗಾಳಿ ನಡುಗಿದರೆ ಸುಷಿರ, ಬಿಗಿದ ಚರ್ಮ ನಡುಗಿದರೆ ಅವನದ್ಧ, ಇಡೀ ವಸ್ತುವೇ ನಡುಗಿದರೆ ಘನ. ಭರತಮುನಿಯ ನಾಟ್ಯಶಾಸ್ತ್ರದಲ್ಲಿರುವುದು ಇದೇ ನಾಲ್ಕು. ಪುಸ್ತಕದಲ್ಲಿರುವ ‘ಲೋಹ’ ಅನ್ನುವ ಪದ ಮಾತ್ರ ಬಿಟ್ಟುಬಿಡಿ. ಘಟ ಮಣ್ಣಿನದು, ಆದರೂ ಅದು ಘನ ವಾದ್ಯವೇ. ತಾಳ ಬಾರಿಸಿ ಅದರ ಅಂಚಿಗೆ ಮಗುವಿನ ಉಗುರು ತಾಗಿಸಿ, ಜುಮ್ ಅನ್ನುತ್ತದೆ. ಗಟ್ಟಿಯಾಗಿ ಹಿಡಿದರೆ ಸದ್ದು ಅಲ್ಲೇ ನಿಲ್ಲುತ್ತದೆ. ಇಷ್ಟು ಮಾಡಿಸಿದರೆ ಅರ್ಧ ಪಾಠ ಮುಗಿದ ಹಾಗೆ.

ಮೂರನೇ ಕ್ಲಾಸ್ ಟೀಚರ್: ತುಂಬಾ ಥ್ಯಾಂಕ್ಸ್ ಮೇಡಂ 🙏

ಒಬ್ಬ ಪೋಷಕ: ಸ್ಯಾಕ್ಸೋಫೋನ್ ಹಿತ್ತಾಳೆಯದು. ಆದರೆ ಮಗಳ ಪುಸ್ತಕದಲ್ಲಿ ಅದನ್ನು ಮರದ ಗಾಳಿ ವಾದ್ಯಗಳ ಜೊತೆ ಹಾಕಿದ್ದಾರೆ. ಪ್ರಿಂಟ್ ತಪ್ಪಾ?

ಮ್ಯೂಸಿಕ್ ಮೇಡಂ: ತಪ್ಪಲ್ಲ. ಸ್ಯಾಕ್ಸೋಫೋನಿನ ಬಾಯಲ್ಲಿ ತೆಳುವಾದ ಒಂದು ರೀಡ್ (ಬೆತ್ತದ ಪಟ್ಟಿ) ಇದೆ. ಊದಿದಾಗ ನಾಲಿಗೆಯ ಹಾಗೆ ಅದು ಅದುರುತ್ತದೆ, ಅದರಿಂದ ಒಳಗಿನ ಗಾಳಿ ನಡುಗುತ್ತದೆ. ಕಹಳೆ, ಟ್ರಂಪೆಟ್‌ಗಳಲ್ಲಿ ಅದುರುವುದು ಊದುವವರ ತುಟಿ. ಗುಂಪು ಮಾಡುವುದು ಈ ವ್ಯತ್ಯಾಸ ನೋಡಿ, ಯಾವುದರಿಂದ ಮಾಡಿದ್ದಾರೆ ಅಂತ ನೋಡಿ ಅಲ್ಲ. 1846ರಲ್ಲಿ ಅಡಾಲ್ಫ್ ಸ್ಯಾಕ್ಸ್ ಇದಕ್ಕೆ ಪೇಟೆಂಟ್ ಪಡೆದಾಗಲೂ ಅದು ಹಿತ್ತಾಳೆಯದೇ, ರೀಡ್ ಇದ್ದದ್ದೇ.

ಮೋರ್ಸಿಂಗ್ ಪ್ರೇಮಿ: ಮೇಡಂ, ಮೋರ್ಸಿಂಗ್ (ಹಲ್ಲಿಗೆ ಹಿಡಿದು ಬೆರಳಿನಿಂದ ಮೀಟುವ ಸಣ್ಣ ವಾದ್ಯ) ಯಾವ ಗುಂಪು? ನಡುಗುವುದು ಲೋಹದ ನಾಲಿಗೆ, ಆದರೆ ಸ್ವರ ಬದಲಾಗುವುದು ಬಾಯೊಳಗಿನ ಗಾಳಿಯಿಂದ.

ವಿಜ್ಞಾನ ಮೇಷ್ಟ್ರು: ಮೇಡಂ, ನಿನ್ನೆ ಐದನೇ ಕ್ಲಾಸಿನಲ್ಲಿ ಒಂದು ವಿಚಿತ್ರ ಆಯಿತು. ಒಂದೇ ಉದ್ದದ ಸ್ಟ್ರಾ ಎಲ್ಲರಿಗೂ ಕೊಟ್ಟಿದ್ದೆ, ಸುಮಾರು 20 ಸೆಂಟಿಮೀಟರ್. ಅರ್ಧ ಮಕ್ಕಳು ತುದಿಯ ಮೇಲೆ ಅಡ್ಡ ಊದಿ ಕೊಳಲಿನ ಹಾಗೆ ಸದ್ದು ಮಾಡಿದರು. ಉಳಿದವರು ಒಂದು ತುದಿ ಚಪ್ಪಟೆ ಮಾಡಿ, ಎರಡೂ ಬದಿ ಓರೆಯಾಗಿ ಕತ್ತರಿಸಿ ಪೀಪಿ ಮಾಡಿಕೊಂಡರು. ಪೀಪಿಯ ಸದ್ದು ತೀರಾ ಕೆಳಗೆ ಬಂತು. ಸ್ಟ್ರಾ ಅದೇ, ಉದ್ದವೂ ಅದೇ. ಒಬ್ಬ ಹುಡುಗಿ ಯಾಕೆ ಅಂತ ಕೇಳಿದಳು. ಪೀಪಿಯನ್ನು ಜೋರಾಗಿ ಊದುತ್ತೀವಲ್ಲ ಅದಕ್ಕೆ ಅಂದೆ. ಹೇಳಿದ ಮೇಲೆ ನನಗೇ ಸರಿ ಅನ್ನಿಸಲಿಲ್ಲ.

ಮ್ಯೂಸಿಕ್ ಮೇಡಂ: ಮೇಷ್ಟ್ರೇ, ಆ ಹುಡುಗಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ. ವರ್ಷಗಟ್ಟಲೆ ವಾದ್ಯ ಊದಿದವರಿಗೂ ಈ ಪ್ರಶ್ನೆ ಹೊಳೆದಿರುವುದಿಲ್ಲ. ಜೋರಾಗಿ ಊದಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ, ನಾಳೆ ಅದನ್ನು ತಿದ್ದಿಬಿಡಿ.

ಅಡ್ಡ ಊದುವಾಗ ಸ್ಟ್ರಾದ ಎರಡೂ ತುದಿ ತೆರೆದಿರುತ್ತವೆ. ಎರಡೂ ಕಡೆ ಗಾಳಿ ಆರಾಮಾಗಿ ಒಳಗೆ ಹೊರಗೆ ಓಡಾಡುತ್ತದೆ. ಪೀಪಿಯಲ್ಲಿ ಒಂದು ತುದಿ ನಿಮ್ಮ ಬಾಯೊಳಗೆ ಇದೆ, ಅಲ್ಲಿ ಕತ್ತರಿಸಿದ ಸ್ಟ್ರಾದ ನಾಲಿಗೆ ಮುಚ್ಚಿ ತೆರೆದು ಮಾಡುತ್ತಿರುತ್ತದೆ. ನೋಡಲು ತೆರೆದ ಹಾಗೆ ಕಂಡರೂ ಒಳಗಿನ ಗಾಳಿಗೆ ಅದು ಗೋಡೆ ಇದ್ದ ಹಾಗೆಯೇ. ಒಂದು ಕಡೆ ಮುಚ್ಚಿದ ಕೊಳವೆಯಲ್ಲಿ ಅಲೆ ಒಂದು ಸುತ್ತು ಮುಗಿಸಲು ಎರಡು ಪಟ್ಟು ದೂರ ಓಡಬೇಕು. ಹಾಗಾಗಿ ಸ್ವರ ಒಂದು ಸ್ಥಾಯಿ (ಒಂದು ‘ಸ’ದಿಂದ ಅದರ ಕೆಳಗಿನ ‘ಸ’ದವರೆಗೆ) ಕೆಳಗೆ ಇಳಿಯುತ್ತದೆ. ಲೆಕ್ಕ ಬೇಕಾದರೆ, ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎರಡೂ ಕಡೆ ತೆರೆದ 20 ಸೆಂಟಿಮೀಟರ್ ಸ್ಟ್ರಾದಲ್ಲಿ ಸುಮಾರು 850 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ ನಡುಕ), ಒಂದು ಕಡೆ ಮುಚ್ಚಿದರೆ ಸುಮಾರು 430.

ಇದನ್ನು ಬಾಯಲ್ಲಿ ಹೇಳಬೇಡಿ, ಮಾಡಿಸಿ. ಅಡ್ಡ ಊದುತ್ತಿರುವಾಗ ಕೆಳಗಿನ ತುದಿಯನ್ನು ಬೆರಳಿನಿಂದ ಮುಚ್ಚಲು ಹೇಳಿ. ಸ್ವರ ದಡಕ್ಕನೆ ಕೆಳಗೆ ಬೀಳುತ್ತದೆ, ಪೀಪಿಯ ಹತ್ತಿರ ಹತ್ತಿರ ಬರುತ್ತದೆ. ಪೀಪಿ ಇನ್ನೂ ಸ್ವಲ್ಪ ಕೆಳಗಿದ್ದರೆ ಗಾಬರಿ ಬೇಡ, ಪ್ಲಾಸ್ಟಿಕ್ ನಾಲಿಗೆ ಮೆದು, ಅದು ಕೊಳವೆಯನ್ನು ಸ್ವಲ್ಪ ಉದ್ದ ಮಾಡಿದ ಹಾಗೆ ಕೆಲಸ ಮಾಡುತ್ತದೆ. ಆಮೇಲೆ ಒಬ್ಬರು ಪೀಪಿ ಊದುತ್ತಲೇ ಇರಲಿ, ನೀವು ಕತ್ತರಿಯಿಂದ ಕೆಳಗಿನ ತುದಿಯನ್ನು ಚೂರು ಚೂರೇ ಕತ್ತರಿಸುತ್ತಾ ಬನ್ನಿ. ಒಂದೊಂದು ಚೂರು ಬಿದ್ದಾಗಲೂ ಸ್ವರ ಏರುವುದು ಕೇಳುತ್ತದೆ. ಕತ್ತರಿ ಮಾತ್ರ ನಿಮ್ಮ ಕೈಯಲ್ಲೇ ಇರಲಿ.

ದೊಡ್ಡ ವಾದ್ಯಗಳಲ್ಲೂ ಇದೇ ಕಥೆ. ಪಾಶ್ಚಾತ್ಯ ಫ್ಲೂಟ್, ಕ್ಲಾರಿನೆಟ್ ಹೆಚ್ಚು ಕಡಿಮೆ ಒಂದೇ ಉದ್ದ, ಆದರೂ ಕ್ಲಾರಿನೆಟ್ ಹತ್ತಿರ ಹತ್ತಿರ ಒಂದು ಸ್ಥಾಯಿ ಕೆಳಗೆ ಹೋಗುತ್ತದೆ. ಹಾಗಾದರೆ ರೀಡ್ ಇರುವ ನಾಗಸ್ವರ, ಸ್ಯಾಕ್ಸೋಫೋನ್ ಯಾಕೆ ಕ್ಲಾರಿನೆಟ್ ಹಾಗೆ ಅಲ್ಲ? ಅವುಗಳ ಕೊಳವೆ ಮೇಲೆ ಸಣ್ಣ, ಕೆಳಗೆ ಹೋದ ಹಾಗೆ ಅಗಲ. ಆ ಆಕಾರದ ಕೊಳವೆಗೆ ರೀಡ್ ಕಟ್ಟಿದರೂ ಅದು ಎರಡೂ ಕಡೆ ತೆರೆದ ಕೊಳವೆಯ ಹಾಗೆಯೇ ನಡೆದುಕೊಳ್ಳುತ್ತದೆ. ಮಕ್ಕಳಿಗೆ ಉತ್ಸಾಹ ಇದ್ದರೆ ಪೀಪಿಗೆ ಕಾಗದ ಸುತ್ತಿ ಕಹಳೆಯ ಆಕಾರ ಮಾಡಿ ಸಿಕ್ಕಿಸಿ. ಏನಾಯಿತು ಅಂತ ದಯವಿಟ್ಟು ಇಲ್ಲೇ ಬರೆಯಿರಿ, ನಾನು ಕಾಯುತ್ತಿರುತ್ತೇನೆ.

ಹೊಸ ಸದಸ್ಯೆ: ಸ್ಯಾಕ್ಸೋಫೋನ್ ಬ್ರಾಸ್ ಗುಂಪಿಗೆ ಸೇರುತ್ತೆ ಅಲ್ವಾ ಮೇಡಂ?

ಮ್ಯೂಸಿಕ್ ಮೇಡಂ: ಇಲ್ಲ. ಮೇಲೆ ಬರೆದಿದ್ದೇನೆ.

ಕೀಬೋರ್ಡ್ ಕಲಿಯುವವ: ಪಿಯಾನೋವನ್ನು ತಾಳವಾದ್ಯ ಅನ್ನಬೇಕು. ಒಳಗೆ ಸುತ್ತಿಗೆ ಹೊಡೆಯುತ್ತೆ.

ಗಿಟಾರ್ ಅಣ್ಣ: ಹೊಡೆದರೆ ತಾಳವಾದ್ಯ ಆಗಿಬಿಡುತ್ತಾ? ಸಂತೂರನ್ನೂ ಕಡ್ಡಿಯಿಂದ ಹೊಡೆಯುತ್ತಾರೆ. ಅದು ತಂತಿ ವಾದ್ಯ ತಾನೇ?

ಕೀಬೋರ್ಡ್ ಕಲಿಯುವವ: ಆರ್ಕೆಸ್ಟ್ರಾದಲ್ಲಿ ಪಿಯಾನೋವನ್ನು ಎಷ್ಟೋ ಸಲ ತಾಳವಾದ್ಯದವರ ಜೊತೆಗೇ ಲೆಕ್ಕ ಹಾಕುತ್ತಾರೆ. ನೋಡಿ ಮಾತಾಡಿ.

ಗಿಟಾರ್ ಅಣ್ಣ: ಯಾರ ಪಕ್ಕ ಕೂತರು ಅನ್ನೋದು ಮುಖ್ಯ ಅಲ್ಲ. ಮೇಡಂ ಆಗಲೇ ಹೇಳಿದ್ದಾರೆ, ನಡುಗುವುದು ಯಾವುದು ಅಂತ ನೋಡಬೇಕು. ತಂತಿ. ಮುಗೀತು.

ಸಂಸ್ಕೃತಿ ಅಭಿಮಾನಿ: ಈ ಪಾಶ್ಚಾತ್ಯ ವಿಂಗಡಣೆ ಎಲ್ಲಾ ನಮ್ಮ ಭರತಮುನಿಯಿಂದ ಕದ್ದದ್ದು. ಅದನ್ನು ಮೊದಲು ಮಕ್ಕಳಿಗೆ ಹೇಳಿ.

ಕೀಬೋರ್ಡ್ ಕಲಿಯುವವ: ಶುರುವಾಯಿತು. ಪಿಯಾನೋ ವಿಷಯಕ್ಕೂ ಅದಕ್ಕೂ ಏನು ಸಂಬಂಧ?

ಸಂಸ್ಕೃತಿ ಅಭಿಮಾನಿ: ಸಂಬಂಧ ಇದೆ. ನಿಮಗೆ ನಮ್ಮದು ಅಂದರೆ ತಾತ್ಸಾರ.

ಗಿಟಾರ್ ಅಣ್ಣ: ಇಲ್ಲಿ ಯಾರೂ ತಾತ್ಸಾರ ಮಾಡಿಲ್ಲ ಸ್ವಾಮಿ.

ಮ್ಯೂಸಿಕ್ ಮೇಡಂ: ಮೂವರೂ ಸ್ವಲ್ಪ ನಿಲ್ಲಿ. ಪಿಯಾನೋ ತಂತಿ ವಾದ್ಯ. ತಂತಿಯನ್ನು ಮೀಟಬಹುದು, ಉಜ್ಜಬಹುದು, ಹೊಡೆಯಬಹುದು, ಅದರಿಂದ ಗುಂಪು ಬದಲಾಗುವುದಿಲ್ಲ. ಇನ್ನು ಕದ್ದರು ಅನ್ನುವ ಮಾತು. ಬ್ರಸೆಲ್ಸ್‌ನ ವಾದ್ಯ ಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ವಿಕ್ಟರ್ ಮಾಹಿಯೋಂ 1880ರಲ್ಲಿ ವಾದ್ಯಗಳ ಪಟ್ಟಿ ಪ್ರಕಟಿಸಿದಾಗ ನಮ್ಮ ನಾಲ್ಕು ಗುಂಪುಗಳಿಗೆ ಹೊಂದುವ ಹಾಗೆಯೇ ವಿಂಗಡಿಸಿದರು. ಬಂಗಾಳದ ಸಂಗೀತ ವಿದ್ವಾಂಸ ಸೌರೀಂದ್ರ ಮೋಹನ ಟಾಗೋರ್ ಉಡುಗೊರೆಯಾಗಿ ಕಳಿಸಿದ್ದ ಭಾರತದ ವಾದ್ಯಗಳು ಅಷ್ಟರಲ್ಲಿ ಅಲ್ಲಿಗೆ ತಲುಪಿದ್ದವು. ಅದರ ಮೇಲೆ 1914ರಲ್ಲಿ ವಿದ್ವಾಂಸರಾದ ಹಾರ್ನ್‌ಬೋಸ್ಟೆಲ್ ಮತ್ತು ಕರ್ಟ್ ಸಾಕ್ಸ್ ದೊಡ್ಡ ವಿಂಗಡಣೆ ಕಟ್ಟಿದರು, ಮಾಹಿಯೋಂ ಹೆಸರನ್ನು ಹೇಳಿಯೇ ಕಟ್ಟಿದರು. ಜ್ಞಾನ ಹೀಗೆ ಕೈಯಿಂದ ಕೈಗೆ ಹೋಗಿದೆ. ಮಕ್ಕಳಿಗೆ ಇದನ್ನು ಹೆಮ್ಮೆಯಿಂದ ಹೇಳಿ. ಕಳ್ಳತನ ಅನ್ನುವ ಪದ ಬೇಡ.

ಸಂಸ್ಕೃತಿ ಅಭಿಮಾನಿ: ನೀವು ಅವರ ಪರವೇ ಮಾತಾಡುತ್ತೀರಿ. ಫಾರ್ವರ್ಡ್ ಆಗಿ ಬಂದಿದ್ದು ಹಾಕುತ್ತಿದ್ದೇನೆ, ಓದಿ: ‘440 ಹರ್ಟ್ಸ್ ಸಂಗೀತ ಮಕ್ಕಳ ಮೆದುಳಿಗೆ ಹಾನಿ. ಎಲ್ಲಾ ವಾದ್ಯಗಳನ್ನೂ 432ಕ್ಕೆ ಇಳಿಸಿದರೆ ರೋಗ ವಾಸಿ. ಹತ್ತು ಜನರಿಗೆ ಕಳಿಸಿ.’

ಮ್ಯೂಸಿಕ್ ಮೇಡಂ: ಇದು ನಾಲ್ಕನೇ ಸಲ ಈ ಗುಂಪಿಗೆ ಬರುತ್ತಿದೆ. 440 ಅನ್ನುವುದು ವಾದ್ಯಗಳನ್ನು ಶ್ರುತಿ ಮಾಡುವ ‘ಎ’ ಸ್ವರಕ್ಕೆ ಇಟ್ಟ ಅಳತೆ, ಅದು ಒಂದು ಒಪ್ಪಂದ. ಹಿಂದೆ ಊರಿಗೊಂದು ಶ್ರುತಿ ಇತ್ತು. ಫ್ರಾನ್ಸ್‌ನಲ್ಲಿ 1859ರಲ್ಲಿ 435 ಅಂತ ಕಾನೂನೇ ಮಾಡಿದ್ದರು. 1939ರಲ್ಲಿ ಲಂಡನ್ನಿನಲ್ಲಿ ಬೇರೆ ಬೇರೆ ದೇಶದವರು ಸೇರಿ 440 ಅಂತ ಒಪ್ಪಿಕೊಂಡರು, ಎಲ್ಲರೂ ಒಟ್ಟಿಗೆ ನುಡಿಸಲು ಅನುಕೂಲ ಆಗಲಿ ಅಂತ. ನಮ್ಮ ಗಾಯಕರು ತಮ್ಮ ಕಂಠಕ್ಕೆ ಹೊಂದುವ ಶ್ರುತಿ ಇಟ್ಟುಕೊಳ್ಳುತ್ತಾರೆ, ಒಬ್ಬೊಬ್ಬರ ಷಡ್ಜ (‘ಸ’) ಒಂದೊಂದು. ಒಂದು ಸಂಖ್ಯೆಗೆ ರೋಗ ವಾಸಿ ಮಾಡುವ ಶಕ್ತಿ ಇಲ್ಲ. ಇಂಥದ್ದನ್ನು ನಂಬಿ ಮಗುವಿನ ಔಷಧಿ ನಿಲ್ಲಿಸಿದವರನ್ನು ನಾನು ನೋಡಿದ್ದೇನೆ. ಇನ್ನು ಹಾಕಬೇಡಿ.

ಮೋರ್ಸಿಂಗ್ ಪ್ರೇಮಿ: ಮೇಡಂ ನನ್ನ ಪ್ರಶ್ನೆ?

ಪಿಟೀಲು ಅಮ್ಮ: ಕಮಾನಿನ ಕೂದಲಿಗೆ ಎಣ್ಣೆ ಹಚ್ಚಿದರೆ ಮೆತ್ತಗಾಗಿ ಕಿರ್ ಅನ್ನುವ ಸದ್ದು ಹೋಗುತ್ತದೆ ಅಂತ ಫಾರ್ವರ್ಡ್ ಬಂದಿತ್ತು. ಮಗನ ಕಮಾನಿಗೆ ಹಚ್ಚಿಬಿಟ್ಟೆ. ಈಗ ಸದ್ದೇ ಬರುತ್ತಿಲ್ಲ.

ಮ್ಯೂಸಿಕ್ ಮೇಡಂ: ಅಯ್ಯೋ. ಕೂದಲು ತಂತಿಯನ್ನು ಹಿಡಿಯಬೇಕು, ಬಿಡಬೇಕು, ಮತ್ತೆ ಹಿಡಿಯಬೇಕು. ಪಿಟೀಲಿನ ಸದ್ದು ಹುಟ್ಟುವುದೇ ಹಾಗೆ. ಅದು ಸೆಕೆಂಡಿಗೆ ನೂರಾರು ಸಲ ನಡೆಯುತ್ತದೆ. ರಾಳ ಹಚ್ಚುವುದು ಆ ಹಿಡಿತಕ್ಕೇ. ಎಣ್ಣೆ ಹಿಡಿತವನ್ನೇ ತೆಗೆದುಬಿಡುತ್ತದೆ. ಮೇಲೆ ಇನ್ನಷ್ಟು ರಾಳ ತಿಕ್ಕಬೇಡಿ, ಅಂಟು ಅಂಟಾಗುತ್ತದೆ. ಆ ಕಮಾನಿನಿಂದ ನುಡಿಸಲೂ ಬೇಡಿ, ಎಣ್ಣೆ ತಂತಿಗೂ ಹತ್ತುತ್ತದೆ. ಕೂದಲು ಬದಲಾಯಿಸಿಕೊಳ್ಳಿ, ಬೇರೆ ದಾರಿ ಇಲ್ಲ.

ಮತ್ತೊಬ್ಬ ಪೋಷಕ: ಮೇಡಂ, ಮಗಳ ಶಾಲೆಯಲ್ಲಿ ವಾದ್ಯಗಳ ದಿನ ಮಾಡಿದರು. ಕಿಟಕಿ ಮುಚ್ಚಿದ ರೂಮಿನಲ್ಲಿ ಮೂವತ್ತು ಮಕ್ಕಳಿಗೆ ಜಾಗಟೆ, ತಾಳ, ತಟ್ಟೆ ಕೊಟ್ಟು ಅರ್ಧ ಗಂಟೆ ಬಡಿಸಿದ್ದಾರೆ. ಅವತ್ತಿನಿಂದ ಬಲ ಕಿವಿಯಲ್ಲಿ ಕುಂಯ್ ಅನ್ನುತ್ತೆ ಅನ್ನುತ್ತಾಳೆ. ಎರಡು ದಿನ ಆಯಿತು. ಬಿಸಿ ಎಣ್ಣೆ ಬಿಟ್ಟರೆ ಸರಿಹೋಗುತ್ತೆ ಅಂತ ಮನೆಯವರ ಗುಂಪಿನಲ್ಲಿ ಕಳಿಸಿದ್ದಾರೆ.

ಮ್ಯೂಸಿಕ್ ಮೇಡಂ: ಎಣ್ಣೆ ಬಿಡಬೇಡಿ. ಯಾವುದನ್ನೂ ಬಿಡಬೇಡಿ. ನಾನು ಡಾಕ್ಟರ್ ಅಲ್ಲ, ಹಾಗಾಗಿ ಹೇಳುವುದು ಒಂದೇ: ಇವತ್ತೇ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ನಾಳೆ ಅನ್ನಬೇಡಿ. ಆ ಕಿವಿಯಲ್ಲಿ ಕೇಳಿಸುವುದು ಕಡಿಮೆಯಾಗಿದೆಯಾ ಅಂತ ಅವರು ಪರೀಕ್ಷೆ ಮಾಡಬೇಕು. ಕಡಿಮೆಯಾಗಿದ್ದರೆ ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು. ಅಲ್ಲಿಯವರೆಗೆ ಹೆಡ್‌ಫೋನ್ ಬೇಡ, ಜೋರು ಸದ್ದು ಬೇಡ.

ಟೀಚರ್‌ಗಳೆಲ್ಲ ಇದನ್ನು ಓದಿ. ದೊಡ್ಡವರಿಗೆ ಕೆಲಸದ ಜಾಗದಲ್ಲಿ ಇಟ್ಟಿರುವ ಒಂದು ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿದರೆ ಸಮಯ ಅರ್ಧ. 100 ಡೆಸಿಬೆಲ್ ತಲುಪಿದರೆ 15 ನಿಮಿಷ ಅಷ್ಟೇ. ಮಕ್ಕಳ ವಿಷಯದಲ್ಲಿ ಅದಕ್ಕಿಂತ ಜಾಸ್ತಿ ಹುಷಾರಾಗಿರಬೇಕು. ಮುಚ್ಚಿದ ರೂಮಿನಲ್ಲಿ ಮೂವತ್ತು ಜಾಗಟೆ ತಟ್ಟೆ ಅಂದರೆ ಆ ಮಟ್ಟ ತಲುಪುವುದು ಸುಲಭ. ಒಬ್ಬರು ನುಡಿಸಲಿ, ಉಳಿದವರು ಕೇಳಲಿ. ಪಾಠ ಇರುವುದೇ ಕೇಳುವುದರಲ್ಲಿ.

ಎರಡನೇ ಕ್ಲಾಸ್ ಟೀಚರ್: ಮಕ್ಕಳು ಖುಷಿಯಾಗಿ ಬಡಿಯಲಿ ಅಂತ ಪೋಷಕರೇ ಕೇಳುತ್ತಾರೆ. ಆಮೇಲೆ ಎಲ್ಲಾ ಟೀಚರ್ ತಲೆಗೆ.

ಮತ್ತೊಬ್ಬ ಪೋಷಕ: ನಾನು ಕೇಳಿರಲಿಲ್ಲ.

ಎರಡನೇ ಕ್ಲಾಸ್ ಟೀಚರ್: ನಿಮಗೆ ಅಂತ ಹೇಳಲಿಲ್ಲ.

ಮೃದಂಗ ಕಲಿಯುವವ: ಮೇಡಂ, ಮೃದಂಗದ ಮಧ್ಯೆ ಕಪ್ಪು ಕರಣೆ (ಚರ್ಮಕ್ಕೆ ಹಚ್ಚಿದ ಲೇಪ) ಯಾಕೆ? ಎಷ್ಟೋ ಡ್ರಮ್‌ಗಳಲ್ಲಿ ಇಲ್ಲವಲ್ಲ.

ಮ್ಯೂಸಿಕ್ ಮೇಡಂ: ಬರೀ ಚರ್ಮ ಬಿಗಿದರೆ ಮುಖ್ಯ ಸ್ವರದ ಜೊತೆ ಬರುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮುಖ್ಯ ಸ್ವರ 1 ಅಂದರೆ ಮುಂದಿನದು ಸುಮಾರು 1.59. ಅದಕ್ಕೇ ಢಬ್ ಅನ್ನುತ್ತದೆ, ಸ್ವರ ನಿಲ್ಲುವುದಿಲ್ಲ. ನಡುವೆ ಕರಣೆಯ ಭಾರ ಕೊಟ್ಟರೆ ಉಪಸ್ವರಗಳು 2, 3 ಅಂತ ಸಾಲಾಗಿ ಹೊಂದುತ್ತವೆ. ಸಿ.ವಿ. ರಾಮನ್ ಇದರ ಬಗ್ಗೆ 1920ರಲ್ಲೇ ಬರೆದಿದ್ದಾರೆ. ಕರಣೆಯನ್ನು ಉಗುರಿನಿಂದ ಕೆರೆಯಬೇಡಿ.

ಇನ್ನೊಬ್ಬ ಹೊಸ ಸದಸ್ಯ: ಸ್ಯಾಕ್ಸೋಫೋನ್ ಯಾವ ಗುಂಪು?

ಮ್ಯೂಸಿಕ್ ಮೇಡಂ: ಮೇಲೆ ನೋಡಿ.

ಇನ್ನೊಬ್ಬ ಹೊಸ ಸದಸ್ಯ: ಒಂದು ಮಾತು ಹೇಳಿದರೆ ಏನು ಹೋಗುತ್ತೆ? ಇಷ್ಟು ಗರ್ವ ಯಾಕೆ?

ಗಿಟಾರ್ ಅಣ್ಣ: ಮೇಲೆ ಓದಿದರೆ ನಿಮಗೇನು ಹೋಗುತ್ತೆ?

ಸಂಸ್ಕೃತಿ ಅಭಿಮಾನಿ: ಇಲ್ಲಿ ಬೇರೆ ಅಭಿಪ್ರಾಯಕ್ಕೆ ಬೆಲೆ ಇಲ್ಲ.

ಅಡ್ಮಿನ್: ದಯವಿಟ್ಟು ವಿಷಯಕ್ಕೆ ಬನ್ನಿ. ಇನ್ನು ಮೇಲೆ ಫಾರ್ವರ್ಡ್‌ಗಳನ್ನು ಅಳಿಸುತ್ತೇನೆ.

ಮೂರನೇ ಕ್ಲಾಸ್ ಟೀಚರ್: ಈ ಪಾಠಕ್ಕೆ ರೆಡಿ ಪಿಪಿಟಿ ಯಾರ ಹತ್ತಿರ ಇದೆ?

ಮತ್ತೊಬ್ಬ ಪೋಷಕ: ಮೇಡಂ, ನಿನ್ನೆ ಸಂಜೆಯೇ ಹೋಗಿದ್ದೆವು. ಪರೀಕ್ಷೆ ಮಾಡಿದರು. ಸ್ವಲ್ಪ ವ್ಯತ್ಯಾಸ ಇದೆ, ಔಷಧಿ ಕೊಟ್ಟಿದ್ದಾರೆ, ವಾರ ಬಿಟ್ಟು ಮತ್ತೆ ನೋಡುತ್ತಾರಂತೆ. ಎಣ್ಣೆ ಬಿಡಲಿಲ್ಲ.

ಮ್ಯೂಸಿಕ್ ಮೇಡಂ: ಒಳ್ಳೆಯ ಕೆಲಸ ಮಾಡಿದಿರಿ. ಮತ್ತೆ ನೋಡಿದ ಮೇಲೆ ತಿಳಿಸಿ.

ವಿಜ್ಞಾನ ಮೇಷ್ಟ್ರು: ಮೇಡಂ, ಮಾಡಿಸಿದೆ. ಬೆರಳು ಮುಚ್ಚಿದ ಕೂಡಲೇ ಸ್ವರ ಕೆಳಗೆ ಬಿತ್ತು, ಇಡೀ ಕ್ಲಾಸ್ ಓಹೋ ಅಂತು. ಮೊದಲು ಹೇಳಿದ್ದು ತಪ್ಪು ಅಂತ ಆ ಹುಡುಗಿಗೆ ಎಲ್ಲರ ಮುಂದೆ ಹೇಳಿದೆ. ಕಾಗದದ ಕಹಳೆ ಸಿಕ್ಕಿಸಿದಾಗ ಸದ್ದು ಜೋರಾಯಿತು, ಆದರೆ ಸ್ವರ ಮೇಲೆ ಹೋಗುವ ಬದಲು ಕೆಳಗೆ ಬಂತು. ಈಗ ಅದು ಯಾಕೆ ಅಂತ ಕೇಳುತ್ತಿದ್ದಾಳೆ.

ಮ್ಯೂಸಿಕ್ ಮೇಡಂ: ಸ್ಟ್ರಾವನ್ನು ಹಾಗೇ ಬಿಟ್ಟು ಅದರ ತುದಿಗೆ ಕಹಳೆ ಸಿಕ್ಕಿಸಿದಿರಾ, ಇಲ್ಲ ಸ್ಟ್ರಾವನ್ನು ಗಿಡ್ಡ ಮಾಡಿದಿರಾ? ಹಾಗೇ ಬಿಟ್ಟಿದ್ದರೆ ಒಟ್ಟು ಉದ್ದ ಜಾಸ್ತಿಯಾಯಿತು, ಮೇಲೆ ಇನ್ನೂ ಉದ್ದದ ನೇರ ಕೊಳವೆ ಉಳಿದೇ ಇದೆ. ನಾನು ಅದನ್ನು ಮೊದಲೇ ಬರೆಯಬೇಕಿತ್ತು. ಸ್ಟ್ರಾ ಮೂರು ಬೆರಳಿನಷ್ಟೇ ಉಳಿಸಿ ಕತ್ತರಿಸಿ, ಉಳಿದ ಉದ್ದವನ್ನೆಲ್ಲ ಕಾಗದದ ಕಹಳೆಯಿಂದ ತುಂಬಿಸಿ. ಒಟ್ಟು ಮತ್ತೆ 20 ಸೆಂಟಿಮೀಟರ್ ಬರಬೇಕು. ಸ್ಟ್ರಾ ಎಲ್ಲಿಗೆ ಕತ್ತರಿಸಬೇಕು ಅಂತ ಆ ಹುಡುಗಿಯೇ ಅಳತೆ ಮಾಡಿ ಗುರುತು ಹಾಕಲಿ.

ಮೋರ್ಸಿಂಗ್ ಪ್ರೇಮಿ: ಮೂರನೇ ಸಲ ಕೇಳುತ್ತಿದ್ದೇನೆ.

ವಿಜ್ಞಾನ ಮೇಷ್ಟ್ರು: ಗಿಡ್ಡ ಮಾಡಿರಲಿಲ್ಲ ಮೇಡಂ. ಸೋಮವಾರ ಮಾಡಿಸುತ್ತೇನೆ.