ಜಿಮ್ಮಿನ್ಯಾಗ ನಿಂತು ಇಂಗ್ಲಿಷ್ ಕಲಿಲಿಕ್ಕೆ ಬರ್ತದೇನ್ರೀ? ಅನುಭವ ಇದ್ದವ್ರು ಹೇಳ್ರಿ

ಎಲ್ಲರಿಗೂ ನಮಸ್ಕಾರ್ರೀ. ಕಲಬುರಗಿ ಸೇಡಂ ರೋಡಿನ ಕಡಿ ಒಂದು ಜಿಮ್ಮಿನ್ಯಾಗ ಎರಡು ವರ್ಷದಿಂದ ಕೆಲಸ ಮಾಡ್ಲತ್ತೀನಿ. ಮುಂಜಾನಿ 5ಕ್ಕ ಶಟರ್ ಎತ್ತೋದ್ರಿಂದ ರಾತ್ರಿ ಪ್ಲೇಟ್ ಜೋಡಿಸಿಡೋತನ ಎಲ್ಲ ನಂದೇ. ಓದಿದ್ದು ಪಿಯುಸಿ, ಕನ್ನಡ ಮೀಡಿಯಂ. ಟ್ರೇನರ್ ಸರ್ಟಿಫಿಕೇಟ್ ಪರೀಕ್ಷಾ ಬರೀಬೇಕಂತ ಮಾಡೀನಿ, ಪುಸ್ತಕ ನೋಡಿದ್ರ ಪೂರಾ ಇಂಗ್ಲಿಷ್. ಮೆಡಿಕಲ್ ಓದೋ ಹುಡುಗರು ಬಂದು ಇಂಗ್ಲಿಷ್‌ನ್ಯಾಗ ಏನರ ಕೇಳಿದ್ರ ನಕ್ಕು ತಲಿ ಅಲ್ಲಾಡಸ್ತೀನಿ, ಅಷ್ಟೇ. ಗ್ರಾಮರ್ ಪುಸ್ತಕ ತಂದು 9ನೇ ಪಾಠಕ್ಕ ಬಿಟ್ಟೆ. ಕಸರತ್ತಿನ ವಿಡಿಯೊ ನೋಡ್ಕೋತ ಶಬ್ದ ಕಲ್ತವ್ರು ಯಾರರ ಇದ್ರ, ಹ್ಯಾಂಗ ಕಲ್ತ್ರಿ ಹೇಳ್ರಿ.

ಆಳಂದದವ, ಈಗ ಹೈದರಾಬಾದಿನ್ಯಾಗ ಟ್ರೇನರ್:
ಬರ್ತದ ತಮ್ಮಾ. ನಾನೂ ಹಂಗೇ ಕಲ್ತವ. ಆದ್ರ ಮೊದಲಿನ ಒಂದು ವರ್ಷ ಉಲ್ಟಾ ಕಲ್ತೆ. ಡಂಬೆಲ್, ಕೆಟಲ್‌ಬೆಲ್, ಕೇಬಲ್ ಅಂತ ಸಾಮಾನಿನ ಹೆಸರು ಬಾಯಿಪಾಠ ಮಾಡಿದ್ದೆ. ಹೆಸರು ಗೊತ್ತಿದ್ರ ಏನು ಬಂತು? ಅದನ್ನ ಎತ್ತು, ಇಳಿಸು, ತಡಿ, ಬಿಗಿ ಹಿಡಿ ಅಂತ ಹೇಳ್ಲಿಕ್ಕೇ ಬರ್ತಿರ್ಲಿಲ್ಲ.

ಒಂದು ಮಾತು ಹೇಳ್ತೀನಿ, ನಗಬ್ಯಾಡ. ಬೆಂಚ್ ಪ್ರೆಸ್ (ಬೆಂಚಿನ ಮ್ಯಾಲ ಮಲಗಿ ಬಾರ್ ಮ್ಯಾಲಕ್ಕ ಎತ್ತೋದು) ವಿಡಿಯೊದಾಗ ಅವ 'ಕೀಪ್ ಯುವರ್ ರಿಸ್ಟ್ಸ್ ಸ್ಟ್ರೇಟ್' ಅಂತಿದ್ದ. ನನ್ನ ಕಿವಿಗಿ ಅದು 'ರೆಸ್ಟ್'. ಸೀದಾ ರೆಸ್ಟ್ ತಗೋ ಅಂತಾನ ಅಂದ್ಕೊಂಡು, ಅವ ಅಂದಾಗೊಮ್ಮೆ ಬಾರ್ ಸ್ಟ್ಯಾಂಡಿಗಿ ಇಟ್ಟು ನೀರು ಕುಡೀತಿದ್ದೆ! ಎರಡು ತಿಂಗಳು ಮಣಿಕಟ್ಟು ಹಿಂದಕ್ಕ ಮಣಿಸ್ಕೊಂಡೇ ಭಾರ ಎತ್ತೀನಿ. ಕಡೀಕ ಚಾದ ಲೋಟ ಹಿಡೀಲಿಕ್ಕೂ ಆಗದಂಗ ನೋವು. ಒಬ್ಬ ಮೆಂಬರ್ ಬಂದು ನನ್ನ ಮಣಿಕಟ್ಟು ಹಿಡಿದು, ಮೊಣಕೈ ಮ್ಯಾಲೇ ನೆಟ್ಟಗ ನಿಲ್ಲಿಸಿ, 'ರಿಸ್ಟ್' ಅಂದ. ಆ ಶಬ್ದ ಇನ್ನ ನಾ ಸತ್ರೂ ಮರೆಯಂಗಿಲ್ಲ.

ಅವತ್ತಿನಿಂದ ದಿನಕ್ಕ ಒಂದೇ ಕಸರತ್ತು ಹಿಡಿದೆ. ಅದ್ರಾಗಿನ ಕ್ರಿಯಾಪದ ಅಷ್ಟೇ ಬರಕೊಳ್ಳೋದು. ಸ್ಕ್ವಾಟ್ (ಬಾರ್ ಹೊತ್ಕೊಂಡು ಕುಂತು ಏಳೋದು) ಅಂದ್ರ ಸ್ಟ್ಯಾಂಡ್, ಬ್ರೇಸ್ (ಹೊಟ್ಟಿ ಬಿಗಿ ಹಿಡಿ), ಬೆಂಡ್, ಲೋವರ್, ಪಾಜ್ (ತಡಿ), ಡ್ರೈವ್. ಮುಂಜಾನಿ ಯಾರೂ ಇಲ್ಲದಾಗ ಖಾಲಿ ಬಾರ್ ಹೆಗಲ ಮ್ಯಾಲ ಇಟ್ಕೊಂಡು, ಬಾಯಿಲೆ ಜೋರಾಗಿ ಅಂದ್ಕೋತ ಮಾಡೋದು. ಖಾಲಿ ಬಾರೇ 20 ಕೆಜಿ ಇರ್ತದ, ಅದು ಸಾಕು.

ಮೊದಲೇ ಗೊತ್ತಿದ್ದ ಶಬ್ದಗಳೇ ಭಾಳ ಮೋಸ ಮಾಡ್ತಾವ, ನೆನಪಿಡು. 'ಲೋವರ್' ಅಂದ್ರ ನಮ್ಮ ಸೂಪರ್ ಮಾರ್ಕೆಟ್ ಅಂಗಡ್ಯಾಗ ಟ್ರ್ಯಾಕ್ ಪ್ಯಾಂಟು. ಜಿಮ್ಮಿನ್ಯಾಗ ಅದು 'ಮೆಲ್ಲಕ ಕೆಳಗ ಇಳಿಸು'. ಕೈಬಿಟ್ರ ಅದು 'ಡ್ರಾಪ್', ಲೋವರ್ ಅಲ್ಲ. 'ಡ್ರೈವ್ ಥ್ರೂ ಯುವರ್ ಹೀಲ್ಸ್' ಅಂದ್ರ ಗಾಡಿ ಹೊಡಿಯೋದಲ್ಲ, ಹಿಮ್ಮಡದಿಂದ ನೆಲ ಒತ್ತಿ ಏಳೋದು. 'ಸ್ಪಾಟ್ ಮಿ' ಅಂದ್ರ ಬೆನ್ನ ಹಿಂದ ಇಲ್ಲಾ ತಲಿ ಕಡಿ ನಿಂತು ನನ್ನ ಕಾಯಿ ಅಂತ. 'ಫೇಲ್ಯೂರ್' ಕೇಳಿ ಹತ್ತನೆತ್ತಿ ರಿಸಲ್ಟ್ ನೆನಪಾಗ್ತದ, ಅಲ್ಲಿ ಮಾತ್ರ ಅದು ಇನ್ನೊಂದು ರೆಪ್ (ಒಂದು ಸಲ ಎತ್ತಿ ಇಳಿಸೋದು) ಆಗಂಗಿಲ್ಲ ಅನ್ನೋ ಹಂತ.

ಶಹಾಬಾದಿನ ಹೈಸ್ಕೂಲ್ ಇಂಗ್ಲಿಷ್ ಟೀಚರ್:
ಮೇಲಿನವರು ಮಾಡಿದ್ದಕ್ಕೆ ನಮ್ಮಲ್ಲಿ ಒಂದು ಹೆಸರೇ ಇದೆ: ಟೋಟಲ್ ಫಿಸಿಕಲ್ ರೆಸ್ಪಾನ್ಸ್. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ಜೇಮ್ಸ್ ಆಶರ್ ಎಂಬ ಮನಃಶಾಸ್ತ್ರಜ್ಞರು ಬೆಳೆಸಿದ ಪದ್ಧತಿ. ಕೂಸು ಮಾತು ಬರುವ ಮೊದಲೇ 'ಬಾ', 'ಕೊಡು' ಅಂದರೆ ತಿಳಿದು ಮಾಡುತ್ತದಲ್ಲ, ಹಾಗೆ ಮೊದಲು ಕೇಳಿ ಮೈಯಿಂದ ಮಾಡುವುದು, ಬಾಯಿ ಆಮೇಲೆ. ಹಾಗಾಗಿ ನಾನಾಗಿದ್ದರೆ ಮೊದಲ ವಾರ ಜೋರಾಗಿ ಹೇಳಿಸುತ್ತಿರಲಿಲ್ಲ, ಬರೀ ಕೇಳಿ ಮಾಡಿಸುತ್ತಿದ್ದೆ.

ಆದರೆ ಒಂದು ಕೊರತೆ ಇದೆ ಅಪ್ಪಾ. ವಿಡಿಯೊದಲ್ಲಿ ಇರುವುದೆಲ್ಲ ಆಜ್ಞೆ. ಆಜ್ಞೆ ಮಾಡಲು ಬಂದವನಿಗೆ ಮಾತಾಡಲು ಬರುತ್ತದೆ ಅಂತಿಲ್ಲ. ಅದಕ್ಕೇ ಒಂದೇ ವಾಕ್ಯವನ್ನು ಮೂರು ಸಲ ತಿರುಗಿಸು. 'ಲೋವರ್ ದ ಬಾರ್' ಆಯಿತಾ, ಇಳಿಸುತ್ತಿರುವಾಗ 'ಐ ಆಮ್ ಲೋವರಿಂಗ್ ದ ಬಾರ್', ಇಟ್ಟ ಮೇಲೆ 'ಐ ಲೋವರ್ಡ್ ದ ಬಾರ್'. ಆಜ್ಞೆ, ವರ್ತಮಾನ ಕಾಲ, ಭೂತಕಾಲ ಮೂರೂ ಒಂದೇ ರೆಪ್ಪಿನಲ್ಲಿ ಮುಗಿಯುತ್ತದೆ. ನನ್ನ ಒಂಬತ್ತನೆಯ ತರಗತಿಯಲ್ಲಿ ಇದೇ ಪಾಠಕ್ಕೆ ಎರಡು ವಾರ ಬೇಕಾಗುತ್ತದೆ! ಇನ್ನು 'ರೇಜ್' ಮತ್ತು 'ರೈಜ್' ಬೇರೆ ಬೇರೆ: ನೀನು ಕೈಯನ್ನು ಎತ್ತಿದರೆ ರೇಜ್, ಹಿಮ್ಮಡ ತಾನಾಗಿ ಎದ್ದರೆ ರೈಜ್.

ಕಲಬುರಗಿಯ ಫಿಸಿಯೊಥೆರಪಿ ವಿದ್ಯಾರ್ಥಿನಿ:
ಅಣ್ಣಾ, ನೀವು ಮೊದ್ಲು ಟೊಂಕ ಬಿಡಿಸ್ಕೋರಿ. ನಮಗ ವೇಸ್ಟೂ ಟೊಂಕ, ಹಿಪ್ಪೂ ಟೊಂಕ, ಲೋವರ್ ಬ್ಯಾಕ್ ನೋವಿದ್ರೂ ಟೊಂಕ ನೋವು. ಇಂಗ್ಲಿಷ್‌ನ್ಯಾಗ ಮೂರೂ ಬ್ಯಾರೆ. ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತೋದು) ಕಲಸೋ ಮುಂದ 'ಹಿಂಜ್ ಅಟ್ ದ ಹಿಪ್ಸ್' ಅಂತಾರಲ್ಲ, ಹಿಂಜ್ ಅಂದ್ರ ಕದದ ಕೀಲು. ಕದ ಕೀಲಿನ ಕಡಿ ತಿರುಗ್ತದ, ಹಲಗಿ ಬಗ್ಗಂಗಿಲ್ಲ. ಬೆನ್ನು ಆ ಹಲಗಿ. ತೊಡಿ ಮುಂಡಕ್ಕ ಕೂಡೋ ಮಡಿಕಿಯೊಳಗ ಕೈಯಂಚು ಇಟ್ಟು, ಕುಂಡಿ ಹಿಂದಕ್ಕ ದೂಡಿ ಬಾಗಿ ನೋಡ್ರಿ, ಹಿಪ್ ಎಲ್ಲಿ ಅದ ತಾನೇ ತಿಳೀತದ. 'ಬೆಂಡ್ ಯುವರ್ ಬ್ಯಾಕ್' ಅಂತ ತಪ್ಪಿ ಹೇಳಿದ್ರ ಮೆಂಬರ್ ನಮ್ಮಂಥವ್ರ ಹಂತೇಕ ಬರ್ತಾನ.

ಮಾಂಸಖಂಡದ ಹೆಸರಿಗಿ ಹೆದರಬ್ಯಾಡ್ರಿ. ಲ್ಯಾಟಿನ್‌ನ್ಯಾಗ ಬೈ ಅಂದ್ರ 2, ಟ್ರೈ 3, ಕ್ವಾಡ್ರಿ 4. 'ಸೆಪ್ಸ್' ಅಂದ್ರ ತಲಿ. ಬೈಸೆಪ್ಸಿಗಿ ಎರಡು ತಲಿ, ಟ್ರೈಸೆಪ್ಸಿಗಿ ಮೂರು. 'ಮಸಲ್' ಶಬ್ದದ ಮೂಲ ಸಣ್ಣ ಇಲಿ ಅಂತ. ಅವ್ರಿಗೆ ಇಲಿ ಕಂಡ್ರ ನಮ್ಮೋರಿಗೆ ಕಾಲಿನ್ಯಾಗ ಮೀನು ಕಂಡದ, ಮೀನಖಂಡ! ಅದಕ್ಕ ಇಂಗ್ಲಿಷ್‌ನ್ಯಾಗ 'ಕಾಫ್'. ಆಕಳ ಕರಕ್ಕೂ ಅದೇ ಶಬ್ದ.

ಗಂಜ್ ಕಡಿಯವ:
ನಮ್ಮಪ್ಪ ಗಂಜಿನ್ಯಾಗ ತೊಗರಿ ಚೀಲ ಹೊರೋ ಹಮಾಲ. ಡೆಡ್‌ಲಿಫ್ಟ್ ವಿಡಿಯೊ ತೋರಿಸಿ, ನೆಲದ ಮ್ಯಾಲ ಸುಮ್ನ ಬಿದ್ದ ಭಾರ ಎತ್ತೋದಕ್ಕ ಹಂಗಂತಾರಪ್ಪ ಅಂದೆ. 'ಇದಕ್ಕ ನೀ ತಿಂಗಳಾ ರೊಕ್ಕ ಕೊಡ್ತೀ? ನಮಗ ಅವ್ರೇ ಕೊಡ್ತಾರ' ಅಂದ.

ಬೀದರಿನಿಂದ:
ಪರೀಕ್ಷಾಕ್ಕ ಇಷ್ಟೇ ಸಾಲಂಗಿಲ್ಲ. 'ಪ್ರೋಗ್ರೆಸಿವ್ ಓವರ್‌ಲೋಡ್' (ಭಾರ ಮೆಲ್ಲಕ ಹೆಚ್ಚಿಸ್ಕೋತ ಹೋಗೋದು), 'ರೇಂಜ್ ಆಫ್ ಮೋಷನ್' (ಕೀಲು ಎಷ್ಟು ದೂರ ಆಡ್ತದ ಅನ್ನೋದು) ಇಂಥವು ಕುಂತು ಓದಬೇಕು. ಅಮೆರಿಕದ ವಿಡಿಯೊ ನೋಡಿದ್ರ ತೂಕ ಪೌಂಡಿನ್ಯಾಗ ಇರ್ತದ, ಅದೂ ಲಕ್ಷ್ಯ ಇರ್ಲಿ. ಅವ 'ಫಾರ್ಟಿ ಫೈವ್' ಅಂದ ಪ್ಲೇಟ್ ಸುಮಾರು 20 ಕೆಜಿ, 45 ಅಲ್ಲ.

ಕೇಳಿದವ:
ಎಲ್ಲರಿಗೂ ಭಾಳ ಉಪಕಾರ ಆಯ್ತ್ರೀ. ಇವತ್ತು ಮುಂಜಾನಿ ಒಬ್ಬ ಮೆಂಬರಿಗಿ 'ರಿಸ್ಟ್ ಸ್ಟ್ರೇಟ್' ಅಂದೆ, ಅವ ತಿದ್ಕೊಂಡ. ಅಷ್ಟಕ್ಕ ಬಿಡ್ಲಿಲ್ಲ, ತಿರುಗಿ 'ಶುಡ್ ಐ ಲೋವರ್ ಇಟ್ ಆಲ್ ದ ವೇ' ಅಂತ ಕೇಳಿದ. ಲೋವರ್ ತಿಳೀತು. 'ವೇ' ಅಂದ್ರ ದಾರಿ ಅಲ್ಲೇನ್ರೀ? ದಾರಿ ಬಿಡಬೇಕೇನೋ ಅಂತ ಬಾಜೂಕ ಸರದು ನಿಂತೆ.

ಶಹಾಬಾದಿನ ಟೀಚರ್:
'ಪೂರಾ ಎದೆಯ ತನಕ ಇಳಿಸಲೇ?' ಅಂತ ಕೇಳಿದ್ದಾರೆ.

ಕೇಳಿದವ:
ಅಯ್ಯ, ಅವ ಅರ್ಧಕ್ಕೇ ನಿಲ್ಲಿಸಿ ನನ್ನ ಮಾರಿ ನೋಡ್ಲತ್ತಿದ್ದ. ನಾಳಿ 6ಕ್ಕ ಬರ್ತಾನ, ಹೇಳ್ತೀನ್ರೀ ಟೀಚರ್.