ಸಹಾಯ ಬೇಕು: ಕರೆಗಳು ಜಾಸ್ತಿ, ಬರುವವರು ಕಡಿಮೆ

ನಮಸ್ಕಾರ. ನಾನು ಆಪ್ತಸಮಾಲೋಚಕಿ, ಒಬ್ಬಳೇ ಸಣ್ಣದಾಗಿ ಪ್ರಾಕ್ಟೀಸ್ ನಡೆಸುತ್ತೇನೆ.

ಆರ್ಥಿಕ ಹಿಂಜರಿತ ಬಂದರೆ ನಮ್ಮ ಹತ್ತಿರ ಬರುವವರು ಹೆಚ್ಚಬೇಕು, ಅಲ್ವಾ? ವಿಚಾರಿಸುವ ಕರೆಗಳೇನೋ ಹೆಚ್ಚಿವೆ. ನಿದ್ದೆ ಇಲ್ಲ, ಸಾಲದ ಚಿಂತೆ, ಮನೆಯಲ್ಲಿ ಜಗಳ ಎನ್ನುತ್ತಾರೆ. ಫೀಸು ಹೇಳಿದ ಕೂಡಲೇ 'ಮುಂದಿನ ತಿಂಗಳು ನೋಡೋಣ' ಎಂದು ಸುಮ್ಮನಾಗುತ್ತಾರೆ. ಕೆಲವರಿಗೆ ಕೆಲಸದ ಜೊತೆ ಕಂಪನಿ ಕೊಟ್ಟ ವಿಮೆಯೂ ಹೋಗಿದೆ. ಸಹಾಯ ಬೇಕಾದ ಹೊತ್ತಿಗೇ ಕೈ ಖಾಲಿ.

ಇನ್ನು ಕೆಲವರು ತಲೆನೋವು, ಎದೆಬಡಿತ ಎಂದು ಸಾಮಾನ್ಯ ವೈದ್ಯರ ಬಳಿ ಹೋಗುತ್ತಾರೆ. ಸ್ಪೇನ್‌ನಲ್ಲಿ ಪ್ರಾಥಮಿಕ ಚಿಕಿತ್ಸಾ ಕೇಂದ್ರಗಳ 2006 ಮತ್ತು 2010ರ ರೋಗಿಗಳನ್ನು ಹೋಲಿಸಿ ನೋಡಿದ್ದರು. 2008ರ ಬಿಕ್ಕಟ್ಟಿನ ನಂತರ ಖಿನ್ನತೆ, ಆತಂಕ ಎರಡೂ ಅಲ್ಲಿ ಏರಿದ್ದವು. ಹಾಗಾಗಿ ವೈದ್ಯರ ಜೊತೆ ಕೈಜೋಡಿಸುವ ಯೋಚನೆ ಇದೆ. ಯಾರಾದರೂ ಮಾಡಿದ್ದೀರಾ? ಹೇಗೆ ಶುರು ಮಾಡಿದಿರಿ?

ಆದಾಯ ನೋಡಿ ಫೀಸು ಇಳಿಸಿದವರು, ಗುಂಪು ಸೆಷನ್ ನಡೆಸಿದವರು ಕೂಡ ದಯವಿಟ್ಟು ಬರೆಯಿರಿ. ನನ್ನ ಬಾಡಿಗೆಯೂ ನಡೆಯಬೇಕು, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಇನ್ನೊಂದು. ಕೆಲಸ ಕಳೆದುಕೊಂಡ ಒಬ್ಬರು ಐದು ಸೆಷನ್ ಆದ ಮೇಲೆ ಬರುವುದು ನಿಲ್ಲಿಸಿದ್ದಾರೆ. ನಾನಾಗಿ ಕರೆ ಮಾಡಿದರೆ ದುಡ್ಡಿಗೆ ಮಾಡಿದಂತೆ ಕಾಣುತ್ತಾ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?